ಹೊತ್ತು ಬದಲಾಗಲಿ, ಕೂಲಿ ಕಡಿಮೆಯಾಗುವುದು ಬೇಡ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಯಲ್ಲೂ ಸರಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಇದೆ. ಒಳ್ಳೆಯದೇ. ನನ್ನ ಪ್ರಶ್ನೆ ಇಷ್ಟೆ: ಫ್ಯಾನಿನಡಿ ಕೂತವರಿಗೆ ಹೊತ್ತು ಬದಲಿಸಬಹುದಾದರೆ ನಮ್ಮಲ್ಲಿ ಪಿಕ್ಕಾಸು ಹಿಡಿದವರಿಗೆ ಯಾಕಾಗದು?

‘ನಮ್ಮ ಕರಾವಳಿಯಲ್ಲಿ ಅಷ್ಟೆಲ್ಲ ಬಿಸಿಲಿಲ್ಲ ಮಾರಾಯ್ರೆ’ ಅನ್ನುವವರಿದ್ದಾರೆ. ಥರ್ಮಾಮೀಟರ್ ನೋಡಿದರೆ ಹೌದು. ಆದರೆ ಮೈ ತಣಿಯುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಇಳಿಯುತ್ತದೆ, ಆರುವುದಿಲ್ಲ. ಅದಕ್ಕೇ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಲೆಕ್ಕ ಹಾಕಲು ಬಯಲಿಗೆ ಕನಿಷ್ಠ 40 ಡಿಗ್ರಿ ಇಟ್ಟರೆ ಕರಾವಳಿಗೆ 37 ಇಟ್ಟಿದೆ. 2025ರಲ್ಲಂತೂ ಫೆಬ್ರವರಿ ಕೊನೆಗೇ ದಕ್ಷಿಣ ಕನ್ನಡ, ಉತ್ತರ ಕನ್ನಡಕ್ಕೆ ಬಿಸಿಗಾಳಿಯ ಎಚ್ಚರಿಕೆ ಬಂತು.

ಅಡಿಕೆ ತೋಟದೊಳಗೆ ನೆರಳಾದರೂ ಇದೆ. ಕಷ್ಟ ಇರುವುದು ಹೊರಗೆ. ಗೇರುಗುಡ್ಡೆಯಲ್ಲಿ ಬೀಜ ಹೆಕ್ಕುವುದು, ಹೊಸ ಗಿಡಕ್ಕೆ ಗುಂಡಿ ತೆಗೆಯುವುದು, ಮಣ್ಣು ಹೊರುವುದು, ಅಂಗಳದಲ್ಲಿ ಅಡಿಕೆ ಮಗುಚುವುದು. ಎಲ್ಲವೂ ಇದೇ ಮೂರು ತಿಂಗಳಲ್ಲಿ. ಸಣ್ಣ ಹಿಡುವಳಿಯವರಾದ ನಾವೂ ಆಳಿನ ಜತೆ ಅಲ್ಲೇ ಇರುತ್ತೇವಲ್ಲ? ಹಾಗಾಗಿ ಇದು ಪರರ ವಿಷಯ ಅಲ್ಲ.

ವಿಶ್ರಾಂತಿ ಕೊಟ್ಟರೆ ಕೆಲಸ ಹಿಂದೆ ಬೀಳುತ್ತದೆ ಎಂಬ ಭಯ ನಮ್ಮಲ್ಲಿ ಸಹಜ. ಇದನ್ನು ಗದ್ದೆಯಲ್ಲೇ ಅಳೆದು ನೋಡಿದವರಿದ್ದಾರೆ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ ಕಬ್ಬು ಕಡಿಯುವವರಿಗೆ ಮೂತ್ರಪಿಂಡದ ಕಾಯಿಲೆ ಬಹಳ. 2014-15ರ ಕಟಾವಿನಲ್ಲಿ ಒಂದು ತಂಡಕ್ಕೆ ಬೆನ್ನಿಗೆ ನೀರಿನ ಚೀಲ, ಹೊಲದ ಬದಿಯಲ್ಲೇ ನೆರಳಿನ ಡೇರೆ, ಹೊತ್ತು ಹೊತ್ತಿಗೆ ಬಿಡುವು ಕೊಟ್ಟರು. ಒಬ್ಬೊಬ್ಬರ ದಿನದ ಕಟಾವು ಇಳಿಯಲಿಲ್ಲ, 5.1 ಟನ್ ಇದ್ದದ್ದು 7.3ಕ್ಕೆ ಏರಿತು. ಕತ್ತಿಯನ್ನೂ ಸುಧಾರಿಸಿದ್ದರು, ಹಾಗಾಗಿ ಪೂರ್ತಿ ಶ್ರೇಯ ನೆರಳಿಗಲ್ಲ. ಆದರೂ ಬಿಡುವು ಕೊಟ್ಟರೆ ನಷ್ಟ ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ.

ಬೇಸಿಗೆಯಲ್ಲಿ ಬೆಳಗ್ಗೆ 6.30ಕ್ಕೆ ಶುರುಮಾಡಿ 12.30ಕ್ಕೆ ಮುಗಿಸೋಣ. ತಿಂಡಿ ಮನೆಯಿಂದಲೇ ಹೋಗಲಿ. ಕೂಲಿ ಪೂರ್ತಿ ದಿನದ್ದೇ. ತಂಪು ಹೊತ್ತಿನ ಆರು ಗಂಟೆಯಲ್ಲಿ ಆಗುವ ಅಗೆತ, ಎರಡು ಗಂಟೆಯ ಉರಿಯಲ್ಲಿ ಕುಂಟುತ್ತಾ ಸಾಗುವ ಅಗೆತದ ಜತೆ ಹೋಲಿಸಿ ನೋಡಿ.

ಅಡ್ಡಿಗಳಿವೆ, ಇಲ್ಲವೆನ್ನಲಾರೆ. ಬಸ್ಸಿನಲ್ಲಿ ಬರುವವರಿಗೆ, ಅಡುಗೆ ಮಾಡಿ ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ಹೆಂಗಸರಿಗೆ ಆರೂವರೆ ಆಗದು. ಅವರಿಗೆ ಮಧ್ಯಾಹ್ನದ ಹೊತ್ತು ಕೊಟ್ಟಿಗೆಯ ಕೆಲಸ ತೆಗೆದಿಡಬಹುದು: ಅಡಿಕೆ ಸುಲಿಯುವುದು, ಕರಿಮೆಣಸು ಹಸನು ಮಾಡುವುದು, ಪಾಲಿಥೀನ್ ಚೀಲಕ್ಕೆ ಮಣ್ಣು ತುಂಬುವುದು. ಗುತ್ತಿಗೆ ಲೆಕ್ಕದ ಕೆಲಸವಾದರೆ ಆಳೇ ನಿಲ್ಲುವುದಿಲ್ಲ, ನಿಂತರೆ ಅವರಿಗೇ ನಷ್ಟ. ಅಂಥಲ್ಲಿ ಬಿಡುವಿನ ಹೊತ್ತನ್ನೂ ಸೇರಿಸಿ ದರ ಮಾತಾಡಬೇಕು.

ಹೊಸಬರ ಬಗ್ಗೆ ಇನ್ನೊಂದು ಮಾತು. ಬಿಸಿಲು ಹೆಚ್ಚಾಗಿ ಹೊಡೆಯುವುದು ಮೊದಲ ಕೆಲವು ದಿನಗಳಲ್ಲಿ, ಮೈ ಇನ್ನೂ ಒಗ್ಗಿರದಾಗ. ಊರಿನಿಂದ ಹೊಸದಾಗಿ ಬಂದವನಿಗೂ, ಜ್ವರ ಬಿಟ್ಟು ಎದ್ದವನಿಗೂ ಮೊದಲ ದಿನವೇ ಭಾರದ ಕೆಲಸ ಬೇಡ. ದಿನದಿಂದ ದಿನಕ್ಕೆ ಏರಿಸುತ್ತಾ ಹೋಗಬೇಕು.

ನೀರು ಕೈಗೆಟುಕುವಲ್ಲಿ ಇರಲಿ. ಬಾಯಾರಲಿ ಎಂದು ಕಾಯುವುದು ಬೇಡ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ ಆಗಬಹುದು. ತಲೆಗೆ ಮುಟ್ಟಾಳೆ ಇರಲಿ. ಯಾರಾದರೂ ತಡವರಿಸಿದರೆ, ಮಾತು ಅಸ್ತವ್ಯಸ್ತವಾದರೆ ‘ಸ್ವಲ್ಪ ಕೂತುಕೋ’ ಎಂದು ಬಿಡಬೇಡಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

2005ರ ಉದ್ಯೋಗ ಖಾತರಿ ಕಾಯಿದೆ ಬಂದಾಗಲೇ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ಬರೆದಿದ್ದರು. ನಮ್ಮ ಜಾಗದಲ್ಲಿ ಕೇಳಲು ಯಾರೂ ಬರುವುದಿಲ್ಲ. ನಾವೇ ಮಾಡಬೇಕು. ಒಬ್ಬರೇ ಹೊತ್ತು ಬದಲಿಸಿದರೆ ಆಳುಗಳಿಗೂ ಗೊಂದಲ. ಒಂದು ಬೈಲಿನ ನಾಲ್ಕೈದು ಮನೆಯವರು ಕೂತು ಮಾತಾಡಿದರೆ ಬರುವ ಮಾರ್ಚಿಗೇ ಶುರುಮಾಡಬಹುದು. ಮಾಡಿ ನೋಡಿದವರು ಲಾಭವನ್ನೂ ತೊಂದರೆಯನ್ನೂ ಪತ್ರಿಕೆಗೆ ಬರೆಯಿರಿ.