ಊರೊಳಗಣ ಚಿರತೆ

2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದನ್ನು ಚಿರತೆ ಹೊಕ್ಕಿತು, ಅಂದು ಭಾನುವಾರವಾಗಿತ್ತು. ಇಂತಹ ಮೃಗವನ್ನು ಹಿಡಿದು ದೂರದ ಕಾಡಿಗೆ ಸಾಗಿಸಿದರೆ ಸಾಕೆಂದು ಹಲವರು ಹೇಳುವುದುಂಟು. ಅದು ವಿವೇಕದ ಮಾರ್ಗವಲ್ಲವೆಂದು ನಾವು ಭಾವಿಸುತ್ತೇವೆ. ಮಹಾರಾಷ್ಟ್ರದ ಜುನ್ನರದಲ್ಲಿ 2001ರ ತರುವಾಯ ಹಾಗೆ ಮಾಡಲಾಗಿ, ಮನುಷ್ಯರ ಮೇಲಣ ದಾಳಿಗಳು ತಗ್ಗದೆ ಹೆಚ್ಚಿದವು. ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳಾದರೋ ಹಗಲೆಲ್ಲ ಅಡಗಿದ್ದು, ಜನಸಂಚಾರವು ವಿರಳವಾದ ಮೇಲೆ ಬೀದಿನಾಯಿಗಳನ್ನರಸಿ ಹೊರಡುತ್ತವೆ. ಆ ನಾಯಿಗಳನ್ನು ಸಾಕುತ್ತಿರುವುದು ನಾವು ಬೀದಿಗೆಸೆಯುವ ಎಂಜಲೇ ಅಲ್ಲವೇ? ಆದುದರಿಂದ, ತಾಯಿತಂದೆಗಳೇ, ಹಳೆಯ ವಿದ್ಯಾರ್ಥಿನಿಯರೇ, ಕಸವನ್ನು ಬೀದಿಗೆ ಚೆಲ್ಲದಿರಿ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಕಳುಹಿಸದಿರಿ. ಚಿರತೆಯು ಕಂಡಲ್ಲಿ ಗುಂಪುಗೂಡಿ ಅದನ್ನು ಕೆಣಕದಿರಿ. ನಮ್ಮ ಮಕ್ಕಳಿಗೆ ಬೋನಿಗಿಂತಲೂ ಈ ಎಚ್ಚರವೇ ಮಿಗಿಲಾದ ಕಾವಲು.