ಕೋಚ್ ಉದ್ಧಾರಕ್ಕೆ ಒಂದು ಮಗುವಿನ ಹೆಣ

'ಹಾರ್ಡ್‌ಬಾಲ್' ಸಿನಿಮಾದಲ್ಲಿ ಒಂದು ದೃಶ್ಯವಿದೆ. ಷಿಕಾಗೋದ ಬಡವರ ಸರ್ಕಾರಿ ವಸತಿ ಕಟ್ಟಡ. ಬೇಸ್‌ಬಾಲ್ ಹುಡುಗರನ್ನು ಮನೆಗೆ ಬಿಡಲು ಬಂದ ಕೋಚ್ ಒಳಗೆ ನೋಡಿದರೆ ಎಲ್ಲರೂ ನೆಲದ ಮೇಲೆ ಕೂತಿದ್ದಾರೆ. ಕಿಟಕಿಯ ಮಟ್ಟಕ್ಕೆ ತಲೆ ಎತ್ತುವ ಹಾಗಿಲ್ಲ, ಹೊರಗಿನ ಗುಂಡು ಒಳಗೆ ಬರುತ್ತದೆ.

ಆ ಮಕ್ಕಳನ್ನು ಹಾಗೆ ನೆಲಕ್ಕೆ ಕೂರಿಸಿದವರು ಯಾರು? ಷಿಕಾಗೋ ವಸತಿ ಪ್ರಾಧಿಕಾರ ಬಣ್ಣ ನೋಡಿಯೇ ಜಾಗ ಆರಿಸಿ, ಕಪ್ಪು ಜನರನ್ನು ಕಪ್ಪು ಕೇರಿಗಳಲ್ಲೇ ತುಂಬಿದೆ ಎಂದು ಫೆಡರಲ್ ನ್ಯಾಯಾಲಯ 1969ರಲ್ಲೇ ಹೇಳಿತ್ತು. 2001ರಲ್ಲಿ ಬಂದ ಸಿನಿಮಾಕ್ಕೆ ಈ ಸುದ್ದಿಯೇ ಬೇಡ. ಅದರ ಚಿಂತೆಯೆಲ್ಲ ಕಿಯಾನು ರೀವ್ಸ್ ಮಾಡಿದ ಬಿಳಿ ನಾಯಕನ ಜೂಜಿನ ಸಾಲದ್ದು. ವಾರಕ್ಕೆ 500 ಡಾಲರ್ ಸಿಗುತ್ತದೆಂದು ಕೋಚ್ ಆಗಲು ಒಪ್ಪಿದವನು ಅವನು. ಅವನ ಮನಸ್ಸು ಕರಗಬೇಕು; ಅದಕ್ಕಾಗಿ ತಂಡದ ಅತಿ ಚಿಕ್ಕ ಹುಡುಗ ಜಿ-ಬೇಬಿ ಗುಂಡು ತಿಂದು ಸಾಯಬೇಕು! ಹೆಣದ ಮುಂದೆ ನಿಂತು ಮಾತಾಡುವವನೂ ಕೋಚೇ. ಹೆತ್ತವಳ ಮಾತಿಗೆ ಅಷ್ಟು ಹೊತ್ತು ಕೊಡಲು ಸಿನಿಮಾ ಮಾಡಿದವರಿಗೆ ಆಗಲಿಲ್ಲ. ಕೇರಿಯಲ್ಲಿ ಹೆಣ ಬಿದ್ದ ಮೇಲಷ್ಟೇ ಕಣ್ಣು ತೆರೆಯುವ ಮೇಲ್ಜಾತಿ ನಾಯಕರನ್ನು ನಮ್ಮ ತೆರೆಯ ಮೇಲೂ ಸಾಕಷ್ಟು ನೋಡಿದ್ದೇವೆ. ಆ ಕಣ್ಣೀರಿನ ಗುರುತು ನಮಗೆ ಚೆನ್ನಾಗಿದೆ.

ಈ ಸಿನಿಮಾಕ್ಕೆ ಆಧಾರ ಡೇನಿಯಲ್ ಕಾಯ್ಲ್ ಬರೆದ ಪುಸ್ತಕ. ಅದರ ಮಕ್ಕಳು ಷಿಕಾಗೋದ ಕ್ಯಾಬ್ರಿನಿ-ಗ್ರೀನ್ ಎಂಬ ಸರ್ಕಾರಿ ವಸತಿಯವರು. 1992ರ ಅಕ್ಟೋಬರ್‌ನಲ್ಲಿ ಅಲ್ಲಿ ತಾಯಿಯ ಜೊತೆ ಶಾಲೆಗೆ ಹೊರಟಿದ್ದ 7 ವರ್ಷದ ಹುಡುಗನನ್ನು ಗುಂಡು ಕೊಂದಿತು. ಆ ಸಾವಿನಿಂದ ಯಾವ ಜೂಜುಕೋರನ ಬಾಳೂ ಹಸನಾಗಲಿಲ್ಲ. ನಗರದ ನಡುಭಾಗಕ್ಕೆ ಹತ್ತಿರದ ಆ ನೆಲಕ್ಕೆ ಬೆಲೆ ಬಂತು; 2011ರಲ್ಲಿ ಅಲ್ಲಿನ ಕೊನೆಯ ಎತ್ತರದ ಕಟ್ಟಡವನ್ನೂ ಕೆಡವಿದರು.

ಸಿನಿಮಾದಲ್ಲಿ ಸತ್ಯ ಎಲ್ಲೂ ಇಲ್ಲವೆಂದು ನಾನು ಹೇಳುವುದಿಲ್ಲ. ಮೈಲ್ಸ್ ಎಂಬ ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿ ಹಾಡು ಕೇಳುತ್ತಾ ಚೆಂಡು ಎಸೆಯುತ್ತಾನೆ. ಎದುರು ತಂಡದ ಕೋಚ್ ತಕರಾರು ಎತ್ತುತ್ತಾನೆ, ಹಾಡು ನಿಲ್ಲುತ್ತದೆ. ಅದೇ ತಂಡದ ಜಮಾಲ್ ಎಂಬ ಹುಡುಗನ ವಯಸ್ಸು ಮೀರಿದೆಯೆಂದು ಅವನನ್ನು ಹೊರಗೆ ಹಾಕುತ್ತಾರೆ. ಗುಂಡು ಹಾರುವ ಬೀದಿಗೆ ಇಲ್ಲದ ಕಾನೂನು ಮೈದಾನದಲ್ಲಿ ಈ ಮಕ್ಕಳ ಮೇಲೆ ಮಾತ್ರ ಚಾಚೂ ತಪ್ಪದೆ ನಡೆಯುತ್ತದೆ. 2014ರಲ್ಲಿ ಅದೇ ಷಿಕಾಗೋದ ಕಪ್ಪು ಮಕ್ಕಳ ತಂಡ ಜಾಕಿ ರಾಬಿನ್‌ಸನ್ ವೆಸ್ಟ್, ಮಕ್ಕಳ ಬೇಸ್‌ಬಾಲ್ ಪಂದ್ಯಾವಳಿಯಾದ ಲಿಟಲ್ ಲೀಗ್‌ನಲ್ಲಿ ಅಮೆರಿಕದ ಚಾಂಪಿಯನ್ ಆಯಿತು. ತಂಡಕ್ಕೆ ಗೊತ್ತುಮಾಡಿದ ಪ್ರದೇಶದ ಗಡಿಯ ಆಚೆಯ ಹುಡುಗರನ್ನು ಆಡಿಸಿದ್ದೀರಿ ಎಂದು 2015ರಲ್ಲಿ ಆ ಪಟ್ಟವನ್ನು ಕಿತ್ತುಕೊಂಡರು. ನಕ್ಷೆಯ ಲೆಕ್ಕ ದೊಡ್ಡವರದು, ದಂಡ ತೆತ್ತವರು ಆಡಿ ಗೆದ್ದ ಮಕ್ಕಳು.

ಮುಂದೆ ಇಂಥ ಸಿನಿಮಾ ಮಾಡುವವರು ಕೋಚ್‌ನ ಬೆನ್ನು ಬಿಡಲಿ. ತಂಡದಿಂದ ಹೊರಬಿದ್ದ ಜಮಾಲ್ ಆ ಸಂಜೆ ಎಲ್ಲಿಗೆ ಹೋದ, ಅವನ ಕೈಗೆ ಬ್ಯಾಟ್ ಬದಲು ಏನು ಕೊಟ್ಟರು, ಕೊಟ್ಟವರು ಯಾರು ಎಂದು ತೋರಿಸಲಿ.