ಬರೆ ಕಡಿದು ಕೊಳ ಕಟ್ಟುವವರಿಗೆ

ಕೊಡಗಿನ ಗುಡ್ಡಗಳಿಗೆ ಮತ್ತೆ ಜೆಸಿಬಿ ಹತ್ತಿಸಬೇಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ತೋಟ, ಗದ್ದೆ, ಮನೆಗಳೆಲ್ಲ ಕೆಸರಾಗಿ ಹರಿದದ್ದು ಮರೆತೇ ಹೋಯಿತೇ? ಮಳೆ ವಿಪರೀತ ಸುರಿದದ್ದು ನಿಜ. ಆದರೆ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೇ ಹೇಳಿತು. ಮರುವರ್ಷ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು. 2020ರಲ್ಲಿ ತಲಕಾವೇರಿಯ ಗುಡ್ಡ ಜಾರಿ ಅರ್ಚಕರ ಮನೆಯನ್ನೇ ನುಂಗಿತು.

ಇಷ್ಟಾದ ಮೇಲೂ ರೆಸಾರ್ಟ್ ಕಟ್ಟುವವರು ಗುಡ್ಡದ ಬರೆ ಕಡಿಯುತ್ತಿದ್ದಾರೆ. ಇನ್ಫಿನಿಟಿ ಪೂಲ್ ಬೇಕಂತೆ! ನೀರಿನ ಅಂಚು ಮಂಜಿನ ಕಣಿವೆಗೆ ಸೇರಿದಂತೆ ಕಾಣಬೇಕು, ಅತಿಥಿ ಅಲ್ಲಿ ನಿಂತು ಸೆಲ್ಫಿ ತೆಗೆಯಬೇಕು.

ಆ ನೋಟದ ಕೆಳಗೆ ಏನಿದೆ ಹೇಳುತ್ತೇನೆ. 15 ಮೀಟರ್ ಉದ್ದ, 5 ಮೀಟರ್ ಅಗಲ, 1.2 ಮೀಟರ್ ಆಳದ ಕೊಳವೆಂದರೆ 90 ಸಾವಿರ ಲೀಟರ್ ನೀರು. ನೀರಿನದೇ 90 ಟನ್ ಭಾರ, ಕಾಂಕ್ರೀಟಿನದು ಬೇರೆ. ಅಂಚಿನಿಂದ ಚೆಲ್ಲಿದ ನೀರನ್ನು ಹಿಡಿದು ಪಂಪಿನಿಂದ ಮೇಲೆತ್ತಲು ಕೆಳಗೊಂದು ತೊಟ್ಟಿ ಬೇಕು. ಅದಕ್ಕಾಗಿ ಇಳಿಜಾರನ್ನು ಇನ್ನೊಂದು ಕಡೆ ಕಡಿಯಬೇಕು. ಅಗೆದ ಮಣ್ಣನ್ನೇ ಅಂಚಿಗೆ ತುಂಬಿ ಅದರ ಮೇಲೆ ಕೊಳ ಕೂರಿಸಿದರೆ ಆ ಮಣ್ಣು ಕುಸಿಯದೆ ಇರುತ್ತದೆಯೇ? ಗೋಡೆ ಬಿರುಕು ಬಿಟ್ಟರೆ ನೀರು ಯಾರ ಕಣ್ಣಿಗೂ ಬೀಳದೆ ಮಣ್ಣಿಗೆ ಇಳಿಯುತ್ತದೆ. ಮಳೆಯಲ್ಲಿ ನೆನೆದು ನಿಂತ ಗುಡ್ಡಕ್ಕೆ ಮೇಲಿನ ಭಾರವೂ ಒಳಗಿನ ಒರತೆಯೂ ಒಟ್ಟಿಗೆ. ಮಣ್ಣಿನ ಪರೀಕ್ಷೆ ಮಾಡಿಸಿದ್ದೀರಾ? ತಡೆಗೋಡೆಯ ಹಿಂದೆ ನೀರು ಬಸಿದು ಹೋಗಲು ದಾರಿ ಬಿಟ್ಟಿದ್ದೀರಾ? ಅಡಿಪಾಯ ಬಂಡೆಗೆ ಮುಟ್ಟಿದೆಯಾ?

ಹಿರಿಯರಿಗೆ ಈ ನೆಲ ಗೊತ್ತಿತ್ತು. ಅವರು ನೀರು ನಿಲ್ಲಿಸಿದ್ದು ಕಣಿವೆ ತಳದ ಗದ್ದೆಯಲ್ಲಿ; ಇಳಿಜಾರಿನಲ್ಲಿ ಮರ ಉಳಿಸಿ ನೆರಳಿಗೆ ಕಾಫಿ ಹಾಕಿದರು.

ಬೇಸಿಗೆಯಲ್ಲಿ ಊರಿನ ಬಾವಿ ತಳ ಕಂಡಾಗಲೂ ಈ ಕೊಳದ ಅಂಚಿನಿಂದ ನೀರು ಚೆಲ್ಲುತ್ತಲೇ ಇರಬೇಕು. ಬಿಸಿಲಿಗೆ ಗಾಳಿಗೆ ಆರಿದಷ್ಟನ್ನು ಬೋರ್‌ವೆಲ್ ತುಂಬಿಕೊಡಬೇಕು. ಮಳೆ ಜೋರಾದರೆ ಅತಿಥಿಗಳು ಕಾರು ಹತ್ತಿ ಹೋಗುತ್ತಾರೆ. ಕೆಳಗಿನ ತೋಟದ ಲೈನ್‌ಮನೆಯ ಕೂಲಿಯವರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು?

ಪಂಚಾಯಿತಿ ಸದಸ್ಯರೇ, ಇಂಥ ಕೊಳದ ನಕ್ಷೆ ನಿಮ್ಮ ಮೇಜಿಗೆ ಬಂದರೆ ಸಹಿ ಹಾಕಬೇಡಿ. ಮೊದಲು ಆ ಗುಡ್ಡದ ಬುಡಕ್ಕೆ ಹೋಗಿ, ಅಲ್ಲಿ ಯಾರ ಮನೆಯಿದೆ ನೋಡಿ.